ಎರಡು ಹೆರಿಗೆಯ ನಂತರ ಸ್ವಿಮ್‌ಸೂಟ್ ಹಾಕಿದವರು ಯಾರಾದರೂ ಇದ್ದೀರಾ?

ಲೆಕ್ಕದ ಟೀಚರ್, ಮೈಸೂರು

ನನಗೆ 39 ವರ್ಷ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಮಗಳಿಗೆ 9, ಮಗನಿಗೆ 5. ಎರಡೂ ಸಿಸೇರಿಯನ್. ಕೇಳಬೇಕಾದ್ದು ಚಿಕ್ಕ ಪ್ರಶ್ನೆ, ಆದರೆ ಹಿಂದಿನದ್ದು ಹೇಳದೆ ಕೇಳಿದರೆ ಅರ್ಥವಾಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನನಗೆ ಈಜು ಬರುತ್ತದೆ. ನಮ್ಮದು ಕೆ.ಆರ್. ನಗರದ ಹತ್ತಿರದ ಹಳ್ಳಿ, ಊರ ಪಕ್ಕದಲ್ಲೇ ನಾಲೆ. ಏಳು ವರ್ಷ ಇದ್ದಾಗ ತಾತ ನನಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಇಳಿಸಿದ್ದರು. ಎರಡನೇ ಬೇಸಿಗೆಗೆ ಬುರುಡೆ ಬಿಚ್ಚಿದೆ. ಅಣ್ಣಂದಿರಿಗಿಂತ ಮೊದಲು ಆಚೆ ದಡ ಮುಟ್ಟುತ್ತಿದ್ದೆ. ನಾನು ದೊಡ್ಡವಳಾದ ವರ್ಷ ಅದು ನಿಂತಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. 'ಇನ್ನು ಸಾಕು ಕಣವ್ವ' ಅಂದರು ಅಜ್ಜಿ, ಅಷ್ಟೇ. ಅಣ್ಣಂದಿರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರೆ ನಾನು ಜಗಲಿ ಮೇಲೆ ಕೂತು ನೋಡುತ್ತಿದ್ದೆ. ಆಮೇಲೆ 26 ವರ್ಷ ಆಯಿತು, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿಲ್ಲ.

ಮಲ್ಪೆಗೆ ಹೋಗಿದ್ದೇವೆ, ಗೋಕರ್ಣಕ್ಕೆ ಹೋಗಿದ್ದೇವೆ. ಯಜಮಾನರು, ಮಕ್ಕಳು ನೀರಲ್ಲಿ ಇರುತ್ತಾರೆ. ನಾನು ಚಪ್ಪಲಿ, ಮೊಬೈಲು, ಟವೆಲ್ ಕಾಯುತ್ತೇನೆ. ಫೋಟೋ ತೆಗೆಯುವವಳೂ ನಾನೇ, ಹಾಗಾಗಿ ಯಾವ ಫೋಟೋದಲ್ಲೂ ನಾನಿಲ್ಲ.

ಹೋದ ದಸರಾ ರಜೆಯಲ್ಲಿ ಸಕಲೇಶಪುರದ ಕಡೆ ಒಂದು ರೆಸಾರ್ಟಿಗೆ ಹೋಗಿದ್ದೆವು. ಮಗಳು ತುಂಬಾ ಹಟ ಮಾಡಿದಳು ಅಂತ ಚೂಡಿದಾರದಲ್ಲೇ ಕೊಳದ ಮೆಟ್ಟಿಲು ಇಳಿದೆ. ಸೊಂಟದವರೆಗೂ ಹೋಗಿರಲಿಲ್ಲ, ಅಲ್ಲಿನ ಹುಡುಗ ಸೀಟಿ ಊದಿದ. 'ಮೇಡಂ, ಕಾಟನ್ ಬಟ್ಟೆ ಹಾಕಿ ಇಳಿಯೋ ಹಾಗಿಲ್ಲ' ಅಂದ. ಅವನ ತಪ್ಪಲ್ಲ, ನಿಯಮ ಇರಬಹುದು. ಆದರೆ ಸುತ್ತ ಇಪ್ಪತ್ತು ಜನ ತಿರುಗಿ ನೋಡಿದರು. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು, ಟಾಪ್ ಹೊಟ್ಟೆಗೆ ಅಂಟಿಕೊಂಡಿತ್ತು. ಮುಚ್ಚಿಕೊಳ್ಳಲೆಂದು ಹಾಕಿದ ಬಟ್ಟೆಯೇ ಎಲ್ಲವನ್ನೂ ತೋರಿಸುತ್ತಿತ್ತು. ರೂಮಿಗೆ ಬಂದು ಬಾತ್‌ರೂಮಿನಲ್ಲಿ ಅತ್ತೆ.

ಇದನ್ನಾದರೂ ಮರೆಯುತ್ತಿದ್ದೆನೋ ಏನೋ. ಮರೆಯಲಾಗದ್ದು ಈ ಏಪ್ರಿಲ್‌ನಲ್ಲಿ ನಡೆಯಿತು. ಮಗಳನ್ನು ಬೇಸಿಗೆ ಈಜು ಶಿಬಿರಕ್ಕೆ ಸೇರಿಸಿದೆವು. ಮೂರನೇ ದಿನ ಸ್ವಿಮ್‌ಸೂಟ್ ಮೇಲೆ ಅಪ್ಪನ ಟೀ ಶರ್ಟ್ ಹಾಕಿಕೊಂಡು ನಿಂತಿದ್ದಳು. ಯಾಕಮ್ಮ ಅಂದೆ. 'ನನ್ನ ಹೊಟ್ಟೆ ಕಾಣುತ್ತೆ' ಅಂದಳು. ಒಂಬತ್ತು ವರ್ಷದ ಮಗು. ಅವಳಿಗೆ ಯಾರೂ ಹೀಗೆ ಹೇಳಿಕೊಟ್ಟಿಲ್ಲ, ಶಿಬಿರದಲ್ಲಿ ವಿಚಾರಿಸಿದೆ, ಯಾರೂ ಏನೂ ಅಂದಿಲ್ಲ. ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಳ್ಳುವವಳು, ಫೋಟೋಗೆ ವೇಲ್ ಅಡ್ಡ ಹಿಡಿಯುವವಳು ಮನೆಯಲ್ಲಿ ನಾನೊಬ್ಬಳೇ.

ನನ್ನ ಮೈ ಹೇಗಿದೆ ಅಂತ ನೇರವಾಗಿ ಹೇಳುತ್ತೇನೆ. ಮದುವೆಯಾದಾಗ ಇದ್ದದ್ದಕ್ಕಿಂತ 14 ಕೆ.ಜಿ. ಜಾಸ್ತಿ. ಹೊಕ್ಕುಳಿನ ಕೆಳಗೆ ಹೊಟ್ಟೆ ಹೊಲಿಗೆಯ ಮೇಲೆ ಮಡಿಚಿ ಬೀಳುತ್ತದೆ. ತೊಡೆಯಲ್ಲಿ, ಪಕ್ಕೆಯಲ್ಲಿ ಬಿಳಿ ಗೆರೆಗಳಿವೆ. ನಮ್ಮ ಹತ್ತಿರದ ಕೊಳದಲ್ಲಿ ಹೆಂಗಸರಿಗೆ ಬೇರೆ ಬ್ಯಾಚ್ ಇದೆ. ಅಲ್ಲಿಗೆ ನನ್ನ ವಿದ್ಯಾರ್ಥಿಗಳ ತಾಯಂದಿರೂ ಬರುತ್ತಾರೆ.

ಎಂಥ ಸ್ವಿಮ್‌ಸೂಟ್ ತಗೊಳ್ಳಲಿ? ಅದಕ್ಕಿಂತ ಮುಖ್ಯವಾಗಿ, ಬಟ್ಟೆ ಬದಲಾಯಿಸುವ ಕೋಣೆಯಿಂದ ನೀರಿನವರೆಗೆ ಮೊದಲ ದಿನ ನೀವೆಲ್ಲ ಹೇಗೆ ನಡೆದಿರಿ?

ಜಯನಗರದ ಅಮ್ಮ, ಬೆಂಗಳೂರು

ಟೀಚರ್, ನಾನು ಈಜು ಕಲಿತದ್ದೇ 41ನೇ ವಯಸ್ಸಿನಲ್ಲಿ. ಈಗ 46. ಈ ಐದು ವರ್ಷದಲ್ಲಿ ಮೂರು ತಪ್ಪು ಸೂಟ್ ಕೊಂಡು ಒಂದು ಸರಿಯಾದದ್ದು ಸಿಕ್ಕಿತು. ನಿಮ್ಮ ದುಡ್ಡು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಕಾಟನ್ ಬೇಡ ಅನ್ನುವುದಕ್ಕೆ ಕಾರಣ ಇದೆ. ಅದು ನೀರು ಕುಡಿದು ಭಾರವಾಗುತ್ತದೆ, ಕೈಕಾಲು ಎಳೆಯುತ್ತದೆ. ಅದರ ನಾರು ಕೊಳದ ಫಿಲ್ಟರಿಗೆ ಹೋಗುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಜೊತೆ ಲೈಕ್ರಾ (ಎಳೆದರೆ ಹಿಗ್ಗುವ ನೂಲು) ಸೇರಿದ ಬಟ್ಟೆ ತಗೊಳ್ಳಿ. ವಾರಕ್ಕೆ ಮೂರು ದಿನ ಹೋಗುವುದಾದರೆ ಪಾಲಿಯೆಸ್ಟರ್ ಜಾಸ್ತಿ ಇರುವುದು ಒಳ್ಳೆಯದು, ಕ್ಲೋರಿನ್ ಲೈಕ್ರಾವನ್ನು ಬೇಗ ತಿನ್ನುತ್ತದೆ.

ನನ್ನ ಮೊದಲ ತಪ್ಪು, ಒಂದು ಸೈಜ್ ದೊಡ್ಡದು ತಗೊಂಡದ್ದು. ಸಡಿಲ ಇದ್ದರೆ ಹೊಟ್ಟೆ ಕಾಣಲ್ಲ ಅಂದುಕೊಂಡೆ. ನೀರಿಗಿಳಿದರೆ ಬಟ್ಟೆ ಇನ್ನೂ ಹಿಗ್ಗುತ್ತದೆ, ಕುತ್ತಿಗೆಯ ಹತ್ತಿರ ನೀರು ತುಂಬಿಕೊಂಡು ಉಬ್ಬುತ್ತದೆ. ಒಣಗಿದ್ದಾಗ ಸ್ವಲ್ಪ ಬಿಗಿ ಅನ್ನಿಸಬೇಕು. ಎರಡನೇ ತಪ್ಪು, ಫ್ರಾಕಿನ ಹಾಗೆ ಕೆಳಗೆ ನೆರಿಗೆ ಇರುವುದು. ನಿಂತಾಗ ತುಂಬಾ ಚೆನ್ನಾಗಿ ಕಾಣುತ್ತದೆ, ಈಜುವಾಗ ನೆರಿಗೆ ಮೇಲಕ್ಕೆ ತೇಲಿ ಬಂದು ಕೈಗೆ ಸಿಕ್ಕುತ್ತದೆ. ನಿಮಗೆ ಈಜು ಬರುವುದರಿಂದ ಅದು ಬೇಡವೇ ಬೇಡ. ಮೂರನೆಯದ್ದು ಎರಡು ತುಂಡಿನದು. ಪ್ಯಾಂಟಿನ ಎಲಾಸ್ಟಿಕ್ ಸರಿಯಾಗಿ ಸಿಸೇರಿಯನ್ ಗಾಯದ ಮೇಲೇ ಕೂತು ಉಜ್ಜುತ್ತಿತ್ತು.

ಈಗ ಹಾಕುವುದು ಮೊಣಕಾಲವರೆಗೆ ಬರುವ ಒಂದೇ ತುಂಡಿನ ಸೂಟ್. ಕಡು ನೀಲಿ, ಪಕ್ಕದಲ್ಲಿ ಹಳದಿ ಪಟ್ಟಿ. ಕೊಳ್ಳುವಾಗ ಎದೆ, ಸೊಂಟದ ಅಳತೆ ಜೊತೆ ಇನ್ನೊಂದು ಅಳತೆ ತಗೊಳ್ಳಿ: ಹೆಗಲಿನಿಂದ ಟೇಪ್ ಇಳಿಸಿ, ಕಾಲ ಸಂದಿಯಿಂದ ಹಿಂದಕ್ಕೆ ತಂದು, ಮತ್ತೆ ಅದೇ ಹೆಗಲಿಗೆ. ಉದ್ದ ಸಾಲದೆ ಹೋದರೆ ಪಟ್ಟಿ ಹೆಗಲನ್ನು ಕೊರೆಯುತ್ತದೆ. ಡೆಕಾಥ್ಲಾನ್‌ನಂತಹ ದೊಡ್ಡ ಅಂಗಡಿಗೇ ಹೋಗಿ, ಹಾಕಿ ನೋಡಿ. ಟ್ರಯಲ್ ರೂಮಿನಲ್ಲಿ ಎರಡೂ ಕೈ ಮೇಲೆತ್ತಿ, ಒಮ್ಮೆ ಕುಕ್ಕರುಗಾಲಲ್ಲಿ ಕೂತು ಏಳಿ. ಎಲ್ಲೂ ಎಳೆದು ಸರಿಮಾಡಬೇಕು ಅನ್ನಿಸಲಿಲ್ಲ ಅಂದರೆ ಅದೇ ನಿಮ್ಮದು. ಮನೆಗೆ ಬಂದ ಮೇಲೆ ಬರೀ ತಣ್ಣೀರಲ್ಲಿ ಜಾಲಾಡಿ, ಹಿಂಡದೆ ನೆರಳಲ್ಲಿ ಹರವಿ.

ನಮ್ಮ ಅತ್ತೆ ಮೊದಲು 'ಈ ವಯಸ್ಸಲ್ಲಿ ಇದೆಲ್ಲ ಬೇಕಾ, ಕಾಲ ಕೆಟ್ಟಿತು' ಅಂದಿದ್ದರು. ಅವರು ಹುಟ್ಟಿದ್ದು 1958ರಲ್ಲಿ. ಆರತಿ ಸಾಹಾ ಕಥೆ ಹೇಳಿದೆ. 1959ರ ಸೆಪ್ಟೆಂಬರ್ 29ರಂದು, ಕೋಲ್ಕತ್ತದ 19 ವರ್ಷದ ಹುಡುಗಿ 16 ಗಂಟೆ 20 ನಿಮಿಷ ಈಜಿ ಇಂಗ್ಲಿಷ್ ಕಾಲುವೆ ದಾಟಿದಳು. ಏಷ್ಯಾದ ಹೆಂಗಸರಲ್ಲಿ ಅವಳೇ ಮೊದಲಿಗಳು. ಒಂದು ತಿಂಗಳ ಹಿಂದೆ ಮಾಡಿದ ಪ್ರಯತ್ನ ಕೈಕೊಟ್ಟಿತ್ತು, ಆದರೂ ಮತ್ತೆ ಇಳಿದಳು. ನೀವು ತೊಟ್ಟಿಲಲ್ಲಿ ಇದ್ದಾಗಲೇ ಇದೆಲ್ಲ ಆಗಿಹೋಗಿದೆ ಅತ್ತೆ ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಈಗ ನಾನು ಬರುವಷ್ಟರಲ್ಲಿ ಉಪ್ಪಿಟ್ಟು ಮಾಡಿಟ್ಟಿರುತ್ತಾರೆ.

ಕಡಲ ಬದಿಯವಳು, ಕಾಪು

ಟೀಚರ್, ನಿಮ್ಮ ಬರಹ ಓದಿ ತುಂಬಾ ಹೊತ್ತು ಸುಮ್ನೆ ಕೂತೆ ಮಾರಾಯ್ರೆ. ನನ್ನ ಅಜ್ಜಿ ಕಚ್ಚೆ ಕಟ್ಟಿ, ಎದೆಮಟ್ಟ ಹೊಳೆಯಲ್ಲಿ ನಿಂತು ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕುತ್ತಿದ್ದರು. ಎಂಟು ಹೆತ್ತವರು. ಹೊಟ್ಟೆ ಬಗ್ಗೆ ಒಂದು ಮಾತು ಅವರ ಬಾಯಲ್ಲಿ ಕೇಳಿಲ್ಲ.

ಒಂದು ಕೇಳುತ್ತೇನೆ. ನೀವು ಶಾಲೆಗೆ ಸೀರೆ ಉಡುತ್ತೀರಿ ಅಲ್ವಾ? ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಪಕ್ಕೆ ಕಾಣುತ್ತದೆ, ಸೊಂಟದ ಮಡಿಕೆ ಕಾಣುತ್ತದೆ. ವರ್ಷಗಟ್ಟಲೆ ಹಾಗೆ ನಿಂತು ಪಾಠ ಮಾಡಿದ್ದೀರಿ, ನಾಚಿಕೆ ಆಗಲಿಲ್ಲ. ಯಾಕೆಂದರೆ ನಿಮ್ಮ ಗಮನ ಲೆಕ್ಕದ ಮೇಲೆ ಇತ್ತು. ಸ್ವಿಮ್‌ಸೂಟ್ ಅದೇ ಹೊಟ್ಟೆಯನ್ನು ಸೀರೆಗಿಂತ ಪೂರ್ತಿ ಮುಚ್ಚುತ್ತದೆ.

ಮತ್ತೆ ಕಡಲಿಗೆ ಬಂದರೆ ಸೀರೆ, ಚೂಡಿದಾರದಲ್ಲಿ ಆಳಕ್ಕೆ ಇಳಿಯಲೇಬೇಡಿ. ಅಲೆ ಹಿಂದಕ್ಕೆ ಎಳೆಯುವಾಗ ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ಯಾವ ಬಟ್ಟೆಯಲ್ಲೂ ಬೇಡ. ಮಕ್ಕಳು ನೀರಲ್ಲಿ ಇದ್ದಾಗ ಈಜು ಬರುವ ತಾಯಿ ದಡದಲ್ಲಿ ಚಪ್ಪಲಿ ಕಾಯುವುದು ನನಗೆ ಸರಿ ಕಾಣುವುದಿಲ್ಲ. ನೀರಲ್ಲಿ ಮುಳುಗಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ನಿಮ್ಮ ಕೈಯಲ್ಲಿ ಆ ವಿದ್ಯೆ ಇದೆ. ಹೊಟ್ಟೆ ಕಾಣುತ್ತದೆ ಅಂತ ಅದನ್ನು ದಡದಲ್ಲಿ ಕೂರಿಸಬೇಡಿ.

ಮೂರು ಮಕ್ಕಳ ತಾಯಿ, ಶಿವಮೊಗ್ಗ

ಮೇಲಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಒಂದು ಮಾತು ಸೇರಿಸಬೇಕು. ಮುಚ್ಚಿಕೊಳ್ಳುವುದೆಲ್ಲ ನಾಚಿಕೆಯಲ್ಲ. ನಾನು ಹಾಕುವುದು ಬುರ್ಕಿನಿ. ತಲೆಯಿಂದ ಪಾದದವರೆಗೆ, ಬರೀ ಮುಖ, ಕೈ, ಪಾದ ಬಿಟ್ಟು. ಆಸ್ಟ್ರೇಲಿಯಾದಲ್ಲಿ ಅಹೆದಾ ಝನೆಟ್ಟಿ ಅನ್ನುವ ಹೆಂಗಸು ಇದನ್ನು ರೂಪಿಸಿದರು. ಬಟ್ಟೆ ನಿಮ್ಮ ಸ್ವಿಮ್‌ಸೂಟಿನ ಹಾಗೆಯೇ ಹಗುರ, ನೀರು ಕುಡಿಯುವುದಿಲ್ಲ. ಅದು ಸಿಗುವ ಮೊದಲು ನಾನೂ ದಡದಲ್ಲೇ ಕೂರುತ್ತಿದ್ದೆ.

2016ರಲ್ಲಿ ಫ್ರಾನ್ಸಿನ ಹಲವು ಕಡಲ ಊರುಗಳು ಇದನ್ನು ನಿಷೇಧಿಸಿದವು. ಆ ಆಗಸ್ಟ್‌ನಲ್ಲೇ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ಊರಿನ ನಿಷೇಧಕ್ಕೆ ತಡೆ ಕೊಟ್ಟಿತು. ಆ ಸುದ್ದಿ ಓದಿದಾಗ ಅನ್ನಿಸಿದ್ದು, ನಮ್ಮೂರಲ್ಲಿ ಮುಚ್ಚು ಅಂತಾರೆ, ಅಲ್ಲಿ ಬಿಚ್ಚು ಅಂತಾರೆ, ಈಜೋದಕ್ಕೆ ಯಾರೂ ಬಿಡಲ್ಲ ಅಂತ.

ಟೀಚರ್, ನಿಮ್ಮ ಮಗಳ ಟೀ ಶರ್ಟ್ ಬಗ್ಗೆ. ನನ್ನ ದೊಡ್ಡ ಮಗಳೂ ಹಾಗೇ ಮಾಡಿದ್ದಳು. ನಾನು ತೆಗೆ ಅನ್ನಲಿಲ್ಲ. ಕಾಟನ್ ಬದಲು ಈಜುವ ಬಟ್ಟೆಯದ್ದೇ ಉದ್ದ ತೋಳಿನ ಟಾಪ್ ತಂದುಕೊಟ್ಟೆ. ಎರಡು ತಿಂಗಳು ಅದನ್ನೇ ಹಾಕಿದಳು. ಆಮೇಲೆ ಒಂದು ದಿನ ಮನೆಯಲ್ಲೇ ಬಿಟ್ಟು ಬಂದಳು. ಕೇಳಿದರೆ 'ಮರೆತೆ' ಅಂದಳು.

ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಟೀಚರ್, ಚಿಕ್ಕದಾಗಿ ಹೇಳುತ್ತೇನೆ. ಬಸುರಿನಲ್ಲಿ ಹೊಟ್ಟೆಯ ಮುಂದಿನ ಸ್ನಾಯುಗಳು ಎರಡು ಕಡೆಗೆ ಸರಿಯುತ್ತವೆ. ಕೆಲವರಿಗೆ ಅವು ವರ್ಷಗಳಾದರೂ ಪೂರ್ತಿ ಕೂಡುವುದಿಲ್ಲ. ಅದಕ್ಕೇ ಊಟ ಬಿಟ್ಟರೂ ಹೊಟ್ಟೆ ಮುಂದೆ ಬಂದಂತೆ ಇರುತ್ತದೆ. ಅದು ನಿಮ್ಮ ಸೋಮಾರಿತನ ಅಲ್ಲ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಸ್ವಲ್ಪ ಎತ್ತಿ, ಹೊಕ್ಕುಳಿನ ಹತ್ತಿರ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಜಾಸ್ತಿ ಸಂದು ಸಿಕ್ಕರೆ ನಮ್ಮಂಥವರಿಗೆ ಒಮ್ಮೆ ತೋರಿಸಿ, ಸರಿಯಾದ ವ್ಯಾಯಾಮ ಹೇಳಿಕೊಡುತ್ತಾರೆ.

ಹೊಲಿಗೆಯ ಸುತ್ತ ಸ್ಪರ್ಶ ಕಡಿಮೆ ಇರುವುದು ಬಹಳ ಮಂದಿಗೆ ಇರುತ್ತದೆ, ಹೆದರಬೇಡಿ. ಬಿಳಿ ಗೆರೆಗಳು ಪೂರ್ತಿ ಹೋಗುವುದಿಲ್ಲ. ಹೋಗಿಸುತ್ತೇವೆ ಅನ್ನುವ ಕ್ರೀಮಿಗೆ ದುಡ್ಡು ಹಾಕುವ ಬದಲು ಒಂದು ಒಳ್ಳೆಯ ಕನ್ನಡಕ, ಟೋಪಿ ತಗೊಂಡು ಈಜಲಿಕ್ಕೆ ಹೋಗ್ರಿ.

ಲೆಕ್ಕದ ಟೀಚರ್, ಮೈಸೂರು

ಎಲ್ಲರಿಗೂ ಉತ್ತರ ಬರೆಯಲು ಹನ್ನೊಂದು ದಿನ ಆಯಿತು, ಕ್ಷಮಿಸಿ. ಹೋಗಿ ಬಂದ ಮೇಲೇ ಬರೆಯಬೇಕು ಅಂತಿದ್ದೆ.

ಮೊಣಕಾಲವರೆಗಿನದು ತಗೊಂಡೆ, ಕಡು ಹಸಿರು. ಹೆಗಲಿನಿಂದ ಹೆಗಲಿಗೆ ಟೇಪ್ ಹಿಡಿದು ಅಳತೆ ತೆಗೆದದ್ದು ಮಗಳು. ಬರೆದುಕೊಳ್ಳುವಾಗ 'ಅಮ್ಮ, ಇದು ನಿಂಗಾ?' ಅಂತ ಮೂರು ಸಲ ಕೇಳಿದಳು.

ಮಂಗಳವಾರ ಹೆಂಗಸರ ಬ್ಯಾಚಿಗೆ ಹೋದೆ. ಕೋಣೆಯಲ್ಲಿ ಬಟ್ಟೆ ಬದಲಾಯಿಸಿ ಬಾಗಿಲ ಹಿಂದೆ ನಿಂತೇ ಇದ್ದೆ. ಟವೆಲ್ ಸುತ್ತಿಕೊಂಡು ಹೋಗೋಣ ಅನ್ನಿಸಿತು, ಸುತ್ತಿಕೊಂಡೇ ಹೊರಟೆ. ಸುಳ್ಳು ಹೇಳುವುದಿಲ್ಲ. ಬಾಗಿಲಿನಿಂದ ನೀರಿಗೆ ಹದಿನೇಳು ಹೆಜ್ಜೆ. ನಾಲ್ಕನೇ ಹೆಜ್ಜೆಗೆ ಒಬ್ಬರು 'ಟೀಚರ್!' ಅಂತ ಕೂಗಿದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ತಾಯಿ. ನನ್ನ ಎದೆ ಧಸಕ್ಕೆಂದಿತು. ಅವರು ನೀರಲ್ಲಿ ನಿಂತು ಕೊಳದ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕಾಲು ನಡುಗುತ್ತಿತ್ತು ಅಂತ ಆಮೇಲೆ ಹೇಳಿದರು. 'ನಿಮಗೆ ಈಜು ಬರುತ್ತಾ ಟೀಚರ್? ನಂಗೆ ಭಯ, ಸ್ವಲ್ಪ ಹತ್ತಿರ ಬನ್ನಿ' ಅಂದರು. ಟವೆಲ್ ಎಲ್ಲಿ ಇಟ್ಟೆನೋ ನೆನಪಿಲ್ಲ.

ಕಾಪುವಿನ ಅಕ್ಕ, ನೀವು ಹೇಳಿದ ಹಾಗೇ ಆಯಿತು. ಅವರ ಕೈ ಹಿಡಿದು ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದಾಗ ಹೊಟ್ಟೆ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು, ಮೇಲೆ ಹತ್ತುವಾಗ. ನಾಚಿಕೆ ಪೂರ್ತಿ ಹೋಗಿಲ್ಲ. ಆದರೂ ಹತ್ತಿದೆ.

ಕೊನೆಯ ಹತ್ತು ನಿಮಿಷ ಒಬ್ಬಳೇ ಈಜಿದೆ. ಕೈ ಮರೆತಿರಲಿಲ್ಲ. ಒಂದು ಉದ್ದ ಹೋಗುವಷ್ಟರಲ್ಲಿ ಉಸಿರು ಕಟ್ಟಿತು, ಆದರೆ ಆಚೆ ಗೋಡೆ ಮುಟ್ಟಿದೆ. ಅಲ್ಲಿ ಹಿಡಿದುಕೊಂಡು ನಿಂತಾಗ ತಾತ ತುಂಬಾ ನೆನಪಾದರು.

ಶಿವಮೊಗ್ಗದ ಅಕ್ಕ, ಮಗಳಿಗೆ ಉದ್ದ ತೋಳಿನ ಟಾಪ್ ತಂದಿದ್ದೇನೆ, ನೇರಳೆ ಬಣ್ಣದ್ದು. ಹಾಕಿಕೊಂಡು ಹೋಗುತ್ತಿದ್ದಾಳೆ. ಬೇಗ ಬಿಡಲಿ ಅಂತ ನಾನು ಕಾಯುತ್ತಿಲ್ಲ. ಭಾನುವಾರ ಫ್ಯಾಮಿಲಿ ಬ್ಯಾಚಿಗೆ ನಾಲ್ವರೂ ಹೋಗುತ್ತಿದ್ದೇವೆ, ಅಲ್ಲಿ ಗಂಡಸರೂ ಇರುತ್ತಾರೆ. ಚಪ್ಪಲಿ, ಮೊಬೈಲು ಲಾಕರಿನಲ್ಲಿ ಇಡುವುದು ಅಂತ ಮಗಳು ಈಗಲೇ ತೀರ್ಮಾನ ಮಾಡಿದ್ದಾಳೆ.