ವಿ-ಕ್ರಾಸ್ ಪಿಕಪ್‌ನ ‘ಪಿಕಪ್’ ಹೆಚ್ಚಿಸಲು ಟ್ಯೂನಿಂಗ್ ಬಾಕ್ಸ್ ಹಾಕಿಸಬಹುದೇ?

ಪ್ರಶ್ನೆ: ಹಾನಬಾಳಿನ ತೋಟಗಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2017ರ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಇದೆ. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಐದು ಗೇರು, ಇದುವರೆಗೆ ಸುಮಾರು 1,12,000 ಕಿಲೋಮೀಟರ್ ಓಡಿದೆ. ತೋಟದ ಕೆಲಸಕ್ಕೂ ಮಳೆಗಾಲದ ಕೆಸರಿಗೂ ಇಷ್ಟು ಒಗ್ಗುವ ಗಾಡಿ ನನಗೆ ಬೇರೆ ಸಿಕ್ಕಿಲ್ಲವಾದ್ದರಿಂದ ಇದನ್ನು ಮಾರುವ ಯೋಚನೆ ಇಲ್ಲ.

ತೊಂದರೆ ಇರುವುದು ಶಿರಾಡಿ ಘಾಟಿಯಲ್ಲಿ. ಮಂಗಳೂರಿನಿಂದ ಹಿಂತಿರುಗುವಾಗ ಗುಂಡ್ಯ ದಾಟಿ ಏರು ಹಿಡಿದ ಮೇಲೆ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ, ಮುಂದೆ ರಸ್ತೆ ಖಾಲಿ ಕಂಡು ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಗಾಡಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹೊರಡುತ್ತದೆ. ಅಷ್ಟರಲ್ಲಿ ಎದುರಿನಿಂದ ಬಸ್ಸು ಬಂದಿರುತ್ತದೆ. ಮನೆಯವರೆಲ್ಲ ಕೂತು ಹಿಂದೆ ಸಾಮಾನೂ ಇದ್ದರಂತೂ ಹಿಂದಿಕ್ಕುವ ಆಸೆಯನ್ನೇ ಬಿಡಬೇಕು. ಮೊದಲ ಎರಡು ಮೂರು ವರ್ಷ ಇಷ್ಟು ಮಂದವಾಗಿತ್ತೆಂದು ನನಗೆ ನೆನಪಿಲ್ಲ.

ಹಾಸನದ ಒಂದು ಗ್ಯಾರೇಜಿನವರು ಎಂಜಿನ್ನಿಗೆ ಟ್ಯೂನಿಂಗ್ ಬಾಕ್ಸ್ ಕೂಡಿಸಿದರೆ ಶಕ್ತಿ ಶೇ 20ರಷ್ಟು ಏರುತ್ತದೆ, ಮೈಲೇಜೂ ಹೆಚ್ಚುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಅದು ಬೇಡ, ಪೆಡಲ್ ಬಾಕ್ಸ್ ಸಾಕು ಎನ್ನುತ್ತಾರೆ. ಮೂರನೆಯವರು ಎಂಜಿನ್ನನ್ನು ನಡೆಸುವ ಕಂಪ್ಯೂಟರಾದ ಇಸಿಯುವನ್ನೇ ರೀಮ್ಯಾಪ್ ಮಾಡಿಸಿ ಎನ್ನುತ್ತಾರೆ. ಈ ಮೂರರ ನಡುವೆ ನಿಜವಾದ ವ್ಯತ್ಯಾಸವೇನು, ಈ ವಯಸ್ಸಿನ ಎಂಜಿನ್ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಡೀಸೆಲ್ ಮೇಸ್ತ್ರಿ

ಸರ್, ನಾನು ಹದಿನೆಂಟು ವರ್ಷದಿಂದ ಡೀಸೆಲ್ ಪಂಪು, ಇಂಜೆಕ್ಟರುಗಳ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಗಾಡಿಗೂ ‘ಪಿಕಪ್’ ಎನ್ನುತ್ತಾರೆ, ಅದರ ವೇಗೋತ್ಕರ್ಷಕ್ಕೂ ‘ಪಿಕಪ್’ ಎನ್ನುತ್ತಾರೆ. ಗಿರಾಕಿಗಳು ಬಂದು ‘ಪಿಕಪ್‌ಗೆ ಪಿಕಪ್ ಇಲ್ಲ’ ಎಂದಾಗ ನಾನು ಮೊದಲು ಕೇಳುವುದು, ಮೊದಲಿಂದಲೂ ಇರಲಿಲ್ಲವೋ ಅಥವಾ ಇದ್ದದ್ದು ಹೋಯಿತೋ ಎಂದು. ನಿಮ್ಮದು ಎರಡನೆಯ ಜಾತಿ ಎಂದು ನೀವೇ ಬರೆದಿದ್ದೀರಿ. ಕಳೆದುಹೋದದ್ದನ್ನು ಹುಡುಕದೆ ಹೊಸದನ್ನು ಕೊಳ್ಳಲು ಹೋಗಬೇಡಿ.

ನೀವು ಕೇಳಿದ ವ್ಯತ್ಯಾಸ ಹೇಳುತ್ತೇನೆ. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ತಂತಿಯ ಕೇಬಲ್ ಇಲ್ಲ, ಪೆಡಲಿನಲ್ಲಿರುವ ಸೆನ್ಸರ್ ತನ್ನ ಸ್ಥಾನವನ್ನು ಇಸಿಯುಗೆ ವೋಲ್ಟೇಜಿನ ಮೂಲಕ ತಿಳಿಸುತ್ತದೆ. ಪೆಡಲ್ ಬಾಕ್ಸ್ ಈ ಮಾತಿನ ನಡುವೆ ನಿಂತು, ನೀವು ಶೇ 30 ತುಳಿದರೆ ಶೇ 50 ತುಳಿದಿದ್ದಾರೆ ಎಂದು ಹೇಳುತ್ತದೆ. ಗಾಡಿ ಚುರುಕಾದಂತೆ ತೋರುತ್ತದೆ, ಆದರೆ ಪೂರ್ತಿ ತುಳಿದಾಗ ಸಿಗುವ ಶಕ್ತಿ ಹಿಂದೆ ಎಷ್ಟಿತ್ತೋ ಅಷ್ಟೇ. ನೀವು ಘಾಟಿಯಲ್ಲಿ ಈಗಾಗಲೇ ಪೂರ್ತಿ ತುಳಿಯುತ್ತಿರುವುದರಿಂದ ಅದರಿಂದ ನಿಮಗೆ ಕವಡೆಯಷ್ಟೂ ಪ್ರಯೋಜನವಿಲ್ಲ.

ಟ್ಯೂನಿಂಗ್ ಬಾಕ್ಸಿನ ಉಪಾಯ ಬೇರೆ. ಕಾಮನ್ ರೇಲ್ ಎಂಜಿನ್ನಿನಲ್ಲಿ ಡೀಸೆಲ್ ಅತಿ ಹೆಚ್ಚು ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಸಿದ್ಧವಾಗಿ ನಿಂತಿರುತ್ತದೆ. ಆ ಒತ್ತಡವನ್ನು ಅಳೆಯುವ ಸೆನ್ಸರಿಗೂ ಇಸಿಯುಗೂ ನಡುವೆ ಈ ಬಾಕ್ಸ್ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡವಿದೆ ಎಂದು ಸುಳ್ಳು ವರದಿ ಕೊಡುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ, ಇಂಜೆಕ್ಟರ್ ತೆರೆದಿರುವ ಅಷ್ಟೇ ಸಮಯದಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಶಕ್ತಿ ಏರುವುದು ನಿಜ. ಆದರೆ ಎಷ್ಟು ಡೀಸೆಲ್ ಹೋಯಿತೆಂಬ ಲೆಕ್ಕ ಇಸಿಯುಗೇ ತಪ್ಪಿಹೋಗಿರುತ್ತದೆ. ಮೀಟರಿನ ಪರದೆಯ ಮೇಲೆ ಮೈಲೇಜ್ ಹೆಚ್ಚಿದಂತೆ ಕಾಣುವುದಕ್ಕೂ ಇದೇ ಕಾರಣ. ಟ್ಯಾಂಕ್ ತುಂಬಿಸಿ ಲೀಟರಿನ ಲೆಕ್ಕ ಹಾಕಿದರೆ ಆ ಭ್ರಮೆ ಇಳಿಯುತ್ತದೆ.

ರೀಮ್ಯಾಪ್ ಎಂದರೆ ಇಸಿಯುವಿನೊಳಗಿನ ಕೋಷ್ಟಕಗಳನ್ನೇ ತಿದ್ದುವುದು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ, ಇಂಧನದ ಪ್ರಮಾಣ, ಅದನ್ನು ಒಳಗೆ ಚಿಮ್ಮಿಸುವ ಸಮಯ, ಟಾರ್ಕಿನ (ತಿರುಗಿಸುವ ಬಲದ) ಮಿತಿ ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಏರಿಸಬಹುದು. ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಒಂದು ಕಿಲೋ ಇಂಧನಕ್ಕೆ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಕಪ್ಪು ಹೊಗೆ ಬರದಿರಬೇಕಾದರೆ ಅದಕ್ಕಿಂತ ಸಾಕಷ್ಟು ಹೆಚ್ಚು ಗಾಳಿ ಬೇಕು. ಆದ್ದರಿಂದ ಒಳ್ಳೆಯ ಟ್ಯೂನರ್ ಗಾಳಿಯನ್ನು ಮೊದಲು ಹೊಂದಿಸಿ, ಅದು ಒಪ್ಪುವಷ್ಟೇ ಡೀಸೆಲ್ ಕೊಡುತ್ತಾನೆ. ಬಾಕ್ಸಿಗೆ ಅಂಥ ವಿವೇಕವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೂರರಲ್ಲಿ ದುಡ್ಡಿಗೆ ತಕ್ಕದ್ದು ರೀಮ್ಯಾಪ್ ಒಂದೇ.

ಆದರೆ ಯಾವುದಕ್ಕೂ ಮುನ್ನ ಇಷ್ಟನ್ನು ನೋಡಿ ಬರೆಯಿರಿ. ಟೈರು ಕಂಪನಿಯಿಂದ ಬಂದ ಅಳತೆಯದ್ದೇ ಇದೆಯೇ? ಏರ್ ಫಿಲ್ಟರನ್ನು ಕೊನೆಗೆ ಬದಲಿಸಿದ್ದು ಯಾವಾಗ? ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳ ಮೇಲೆ ಎಲ್ಲಾದರೂ ಎಣ್ಣೆಯ ಪಸೆ ಕಾಣುತ್ತದೆಯೇ? ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಮತ್ತು ಗಾಳಿ ಒಳಹೋಗುವ ದಾರಿಯಾದ ಇನ್‌ಟೇಕ್ ಮ್ಯಾನಿಫೋಲ್ಡನ್ನು ಯಾವಾಗಲಾದರೂ ಬಿಚ್ಚಿ ಮಸಿ ತೆಗೆಸಿದ್ದೀರಾ?

ಉತ್ತರ 2: ಮೂಡಿಗೆರೆ ನಾಲ್ಕುಚಕ್ರ

ಮೇಸ್ತ್ರಿಯವರು ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಇದೇ ಎಂಜಿನ್ನಿನ ನನ್ನ ಗಾಡಿಗೆ ಟ್ಯೂನಿಂಗ್ ಬಾಕ್ಸ್ ಹಾಕಿಸಿ ಎರಡು ವರ್ಷ ಓಡಿಸಿದೆ. ಮೊದಲ ದಿನ ಚಾರ್ಮಾಡಿ ಹತ್ತಿದಾಗ ಆದ ಸಂತೋಷವನ್ನು ಸುಳ್ಳೆನ್ನಲಾರೆ. ಎಂಟು ತಿಂಗಳಾದ ಮೇಲೆ ನಾಲ್ಕನೇ ಗೇರಿನಲ್ಲಿ ಜೋರಾಗಿ ತುಳಿದರೆ ಎಂಜಿನ್ನಿನ ಸದ್ದು ಏರುತ್ತಿತ್ತು, ಗಾಡಿ ಮಾತ್ರ ಅದೇ ವೇಗದಲ್ಲಿರುತ್ತಿತ್ತು. ಕ್ಲಚ್ ಪ್ಲೇಟ್ ಜಾರುತ್ತಿತ್ತು. ಕಂಪನಿಯವರು ಈ ಎಂಜಿನ್ನಿಗೆ ಕೊಟ್ಟ ಟಾರ್ಕ್ 320 ನ್ಯೂಟನ್ ಮೀಟರ್. 1800ರಿಂದ 2800 ಆರ್‌ಪಿಎಂ ನಡುವೆ ಅದು ಸಿಗುತ್ತದೆ. ಕ್ಲಚ್ಚನ್ನು ಅದಕ್ಕೆ ಸ್ವಲ್ಪ ಹೆಚ್ಚಿಗೆ ಮಾಡಿರುತ್ತಾರೆ, ಆದರೆ ಅರ್ಧಕ್ಕರ್ಧ ಸವೆದ ಕ್ಲಚ್ಚಿನಲ್ಲಿ ಆ ಹೆಚ್ಚಿಗೆ ಉಳಿದಿರುವುದಿಲ್ಲ. ಬಾಕ್ಸಿಗೆ ಕೊಟ್ಟದ್ದಕ್ಕಿಂತ ಕ್ಲಚ್ ಕೆಲಸಕ್ಕೆ ಹೆಚ್ಚು ಖರ್ಚಾಯಿತು. ನಿಮ್ಮದು ಒಂದು ಲಕ್ಷ ದಾಟಿದ ಕ್ಲಚ್ ಆಗಿದ್ದರೆ ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹಾನಬಾಳಿನ ತೋಟಗಾರ

ಇಬ್ಬರಿಗೂ ಧನ್ಯವಾದ. ಉತ್ತರ ಬರೆಯಲು ಎರಡು ವಾರ ತಡವಾಯಿತು, ಏಕೆಂದರೆ ಹೇಳಿದ್ದನ್ನೆಲ್ಲ ನೋಡಿಯೇ ಬರೆಯೋಣ ಎಂದುಕೊಂಡೆ.

ಟೈರಿನ ಪ್ರಶ್ನೆ ಓದಿದಾಗಲೇ ನನಗೆ ಸ್ವಲ್ಪ ಮುಜುಗರವಾಯಿತು. ಗಾಡಿ ಬಂದಾಗ 245/70 ಆರ್16 ಅಳತೆಯ ಟೈರುಗಳಿದ್ದವು. ನಾಲ್ಕು ವರ್ಷದ ಹಿಂದೆ ಕೆಸರಿಗೆಂದು 265/75 ಆರ್16 ಆಲ್ ಟೆರೇನ್ ಟೈರುಗಳನ್ನು ಹಾಕಿಸಿದ್ದೇನೆ. ಗಾಡಿಯ ನಿಲುವು ಚೆನ್ನಾಗಿ ಕಾಣುತ್ತದೆ ಎಂಬುದೂ ಒಂದು ಕಾರಣವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಏರ್ ಫಿಲ್ಟರ್ ಬೇಸಿಗೆಯ ಧೂಳಿನಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ಪೈಪಿನ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ಬೆರಳುದ್ದದ ಸೀಳು ಸಿಕ್ಕಿತು. ಸುತ್ತಲೂ ಎಣ್ಣೆ ಮೆತ್ತಿಕೊಂಡಿತ್ತು. ಗಾಡಿ ನಿಂತಿದ್ದಾಗ ಅದು ಮುಚ್ಚಿಕೊಂಡಿರುತ್ತದೆ, ಟರ್ಬೊ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ ಎಂದು ನಮ್ಮೂರಿನ ಮೆಕ್ಯಾನಿಕ್ ತೋರಿಸಿದರು. ಮ್ಯಾನಿಫೋಲ್ಡ್ ಬಿಚ್ಚಿದಾಗ ಒಳಗಿನ ದಾರಿಯಲ್ಲಿ ಮಸಿ ದಪ್ಪಗೆ ಕಟ್ಟಿತ್ತು.

ಪೈಪು, ಫಿಲ್ಟರ್ ಹೊಸದು ಹಾಕಿಸಿ, ಮಸಿ ತೆಗೆಸುವುದಕ್ಕೆ ಮುನ್ನ ಮತ್ತು ಅನಂತರ, ಬೆಳಗಿನ ಜಾವ ಖಾಲಿಯಿದ್ದ ಒಂದೇ ಸಮತಟ್ಟಾದ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ ಏರಲು ಹಿಡಿಯುವ ಸಮಯವನ್ನು ಫೋನಿನ ಜಿಪಿಎಸ್‌ನಲ್ಲಿ ಅಳೆದೆ. ಮೊದಲು ಸರಾಸರಿ 11.2 ಸೆಕೆಂಡ್ ಇತ್ತು, ಈಗ 9.3 ಸೆಕೆಂಡ್. ಏರಿನಲ್ಲೂ ವ್ಯತ್ಯಾಸ ತಿಳಿಯುತ್ತದೆ. ಹೀಗಿರುವಾಗ ರೀಮ್ಯಾಪ್ ಮಾಡಿಸುವ ಅಗತ್ಯವಿದೆಯೇ?

ಡೀಸೆಲ್ ಮೇಸ್ತ್ರಿ

ಆ ಸೀಳಿದ್ದ ಪೈಪಿನ ಮೇಲೆ ಬಾಕ್ಸ್ ಹಾಕಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ: ಗಾಳಿ ಹೊರಗೆ ಸೋರುತ್ತಿದೆ, ಬಾಕ್ಸ್ ಮಾತ್ರ ಡೀಸೆಲ್ ಹೆಚ್ಚಿಸುತ್ತಿದೆ. ಹೊಗೆ ಕಪ್ಪಗಾಗುವುದರ ಜೊತೆಗೆ ಹೊರಹೋಗುವ ಅನಿಲದ ಬಿಸಿಯೂ ಏರುತ್ತದೆ. ಉದ್ದನೆಯ ಏರಿನಲ್ಲಿ ಅಂಥ ಬಿಸಿ ಹಲವು ನಿಮಿಷ ಎಡೆಬಿಡದೆ ನಿಂತರೆ ಟರ್ಬೊದ ರೆಕ್ಕೆಗಳಿಗೂ ಪಿಸ್ಟನ್ನಿನ ತಲೆಗೂ ಪೆಟ್ಟು. ನೀವು ಗಾಡಿ ಮಂದ ಎನ್ನುವ ಜಾಗವೇ ಅಂಥ ಏರು.

ಇನ್ನು ಟೈರು. ಹಳೆಯ ಟೈರಿನ ವ್ಯಾಸ ಸುಮಾರು 749 ಮಿಲಿಮೀಟರ್, ನೀವು ಹಾಕಿಸಿದ್ದರದ್ದು ಸುಮಾರು 804. ಶೇ 7ಕ್ಕಿಂತ ಸ್ವಲ್ಪ ಹೆಚ್ಚು. ಚಕ್ರ ದೊಡ್ಡದಾದಷ್ಟೂ ಅದೇ ಟಾರ್ಕ್ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಕಡಿಮೆಯಾಗುತ್ತದೆ, ಅಂದರೆ 320ರಲ್ಲಿ ಇಪ್ಪತ್ತಕ್ಕೂ ಹೆಚ್ಚು ನ್ಯೂಟನ್ ಮೀಟರ್ ಕಳೆದುಕೊಂಡಂತೆ. ಆ ಟೈರುಗಳ ತೂಕ ಬೇರೆ. ನಿಮ್ಮ ಸ್ಪೀಡೊಮೀಟರ್ ಮೊದಲು ಕರಾರುವಾಕ್ಕಾಗಿದ್ದರೆ ಈಗ 60 ಎಂದು ತೋರಿಸುವಾಗ ಗಾಡಿ 64ರಲ್ಲಿರುತ್ತದೆ; ಜಿಪಿಎಸ್‌ನಲ್ಲಿ ಅಳೆದದ್ದು ಒಳ್ಳೆಯದಾಯಿತು.

ತೂಕದ ಲೆಕ್ಕವನ್ನೂ ಒಮ್ಮೆ ಹಾಕಿ. ಖಾಲಿ ಗಾಡಿ ಸುಮಾರು 1.9 ಟನ್, ಎಂಜಿನ್ 134 ಅಶ್ವಶಕ್ತಿ. ನೀವೊಬ್ಬರೇ ಕೂತರೆ ಟನ್ನಿಗೆ ಸುಮಾರು 68 ಅಶ್ವಶಕ್ತಿ ಬರುತ್ತದೆ. ಐದು ಜನ ಮತ್ತು ಸಾಮಾನು ಸೇರಿ ಐನೂರು ಕಿಲೋ ಏರಿದರೆ ಅದು 56ಕ್ಕೆ ಇಳಿಯುತ್ತದೆ. ಶೇ 15 ಶಕ್ತಿ ಹೆಚ್ಚಿಸುವ ಒಳ್ಳೆಯ ರೀಮ್ಯಾಪ್ ಮಾಡಿಸಿದರೂ ತುಂಬಿದ ಗಾಡಿ 64ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ನೀವೊಬ್ಬರೇ ಹೋಗುವಾಗಿನ ಈಗಿನ ಗಾಡಿಗಿಂತಲೂ ಮಂದ. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 1500 ಆರ್‌ಪಿಎಂನಲ್ಲಿ ತುಳಿದು ಕಾಯುವುದಕ್ಕಿಂತ, ಹಿಂದಿಕ್ಕುವ ಮೊದಲೇ ಮೂರಕ್ಕೆ ಇಳಿಸಿ 2000 ದಾಟಿಸಿಟ್ಟುಕೊಂಡರೆ ಟರ್ಬೊ ಆಗಲೇ ಎಚ್ಚರವಾಗಿರುತ್ತದೆ. ನೀವು ಹೇಳಿದ ‘ಸುಮ್ಮನಿರುವ ಕ್ಷಣ’ದ ಬಹುಪಾಲು ಅಲ್ಲೇ ಇದೆ.

ಉತ್ತರ 3: ಡಲ್ಲಾಸ್ ಕನ್ನಡಿಗ

ಅಮೆರಿಕದ ಪಿಕಪ್ ವಿಡಿಯೊಗಳನ್ನು ನೋಡಿ ಊರಿನ ಗೆಳೆಯರು ನನ್ನನ್ನು ಆಗಾಗ ಇದೇ ಪ್ರಶ್ನೆ ಕೇಳುವುದರಿಂದ ಬರೆಯುತ್ತಿದ್ದೇನೆ. ಇಲ್ಲಿ ಅಂಗೈಯಗಲದ ಟ್ಯೂನರನ್ನು ಇಸಿಯು ಜೊತೆ ಮಾತಾಡುವ ಓಬಿಡಿ ಸಾಕೆಟ್ಟಿಗೆ ಚುಚ್ಚಿ, ಮನೆಯ ಮುಂದೆಯೇ ಹೊಸ ಮ್ಯಾಪ್ ಹಾಕಿಕೊಳ್ಳುವುದು ಸಾಮಾನ್ಯ. ಆದರೆ ಆ ವಿಡಿಯೊಗಳಲ್ಲಿ ಕಾಣುವ ಡೀಸೆಲ್ ಎಂಜಿನ್ನುಗಳು 6.6, 6.7 ಲೀಟರಿನವು. ಅವುಗಳ ಗಳಿಕೆಯ ಅಂಕಿಗಳನ್ನು ಎರಡೂವರೆ ಲೀಟರಿನ ಎಂಜಿನ್ನಿಗೆ ಹೊಂದಿಸಬಾರದು. ನನ್ನ ಫೋರ್ಡ್ ಎಫ್-150 ಪೆಟ್ರೋಲ್ ಟರ್ಬೊ ಗಾಡಿ. ಅದರ ಟ್ಯೂನ್ ಪೂರ್ತಿ ನಿಂತಿರುವುದು ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಮೇಲೆ. ಡೀಸೆಲ್ಲಿಗೆ ಆ ತರ್ಕವೇ ಅನ್ವಯಿಸುವುದಿಲ್ಲ.

ಇನ್ನೊಂದು ಮಾತು. ಇಲ್ಲಿ ಅನೇಕರು ಟ್ಯೂನ್ ಜೊತೆಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್, ಇಜಿಆರ್‌ಗಳನ್ನೇ ಕಿತ್ತು ಹಾಕಿಸಿದರು. 2020ರಲ್ಲಿ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹಿಂದಿನ ಹತ್ತು ವರ್ಷಗಳಲ್ಲಿ ಹೀಗೆ ಮಾಡಿದ ಡೀಸೆಲ್ ಪಿಕಪ್‌ಗಳ ಸಂಖ್ಯೆ 5,50,000ಕ್ಕೂ ಹೆಚ್ಚು ಎಂದು ಅಂದಾಜಿಸಿತು. ಯಾರಾದರೂ ‘ಇಜಿಆರ್ ಮುಚ್ಚಿದರೆ ಎಂಜಿನ್ ಉಸಿರಾಡುತ್ತದೆ’ ಎಂದರೆ ಆ ದಾರಿಗೆ ಹೋಗಬೇಡಿ. ಮಸಿ ತೆಗೆಸುವುದು ಬೇರೆ, ಮುಚ್ಚಿಸುವುದು ಬೇರೆ.

ಉತ್ತರ 4: ಮೂಡಿಗೆರೆ ನಾಲ್ಕುಚಕ್ರ

ನಮ್ಮಲ್ಲೂ ಕಾನೂನು ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ ಎಂದು ಟ್ಯೂನರ್‌ಗಳು ಹೇಳುತ್ತಾರೆ. ಅಪಘಾತವಾಗಿ ವಿಮೆಯವರು ಕೆದಕಲು ಕೂತಾಗ ಆ ಮಾತು ಹೇಳಿದವರು ಪಕ್ಕದಲ್ಲಿ ಇರುವುದಿಲ್ಲ.

ಡೀಸೆಲ್ ಮೇಸ್ತ್ರಿ

ಈ ಮಾತು ನನ್ನ ಕಸುಬಿನವರಿಗೆ ರುಚಿಸದಿದ್ದರೂ ಸರಿಯೇ ಇದೆ. ತೋಟಗಾರರೇ, ಈಗಿನ ಟೈರುಗಳು ಹೇಗೂ ನಾಲ್ಕು ವರ್ಷದವಾದವು; ಅವು ಸವೆದಾಗ ಹಳೆಯ ಅಳತೆಯ ಆಲ್ ಟೆರೇನ್ ಟೈರನ್ನೇ ಹಾಕಿಸಿ, ಅದೇ ರಸ್ತೆಯಲ್ಲಿ ಮತ್ತೊಮ್ಮೆ ಅಳೆಯಿರಿ. ಅದಾದ ಮೇಲೂ ಮನಸ್ಸು ಒಪ್ಪದೆ, ಆರ್‌ಟಿಓದಲ್ಲಿ ವಿಚಾರಿಸಿ ರೀಮ್ಯಾಪ್ ಕಡೆಗೇ ಹೊರಟರೆ, ಕ್ಲಚ್ ಬದಲಿಸುವ ಕಾಲಕ್ಕೆ ಹೊಂದಿಸಿಕೊಳ್ಳಿ. ಟ್ಯೂನರ್ ಮೊದಲು ಚಕ್ರಕ್ಕೆ ಸಿಗುವ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಗಾಡಿಯನ್ನು ಇದ್ದಂತೆಯೇ ಓಡಿಸಿ, ತಿದ್ದಿದ ಮೇಲೆ ಇನ್ನೊಮ್ಮೆ ಓಡಿಸಿ, ಎರಡೂ ಹಾಳೆಗಳನ್ನು ನಿಮ್ಮ ಕೈಗೆ ಕೊಡಬೇಕು. ನಿಮ್ಮ ಗಾಡಿ ಸಾಮಾನ್ಯ ಸ್ಥಿತಿಯಲ್ಲಿ ಹಿಂದಿನ ಎರಡು ಚಕ್ರಗಳಿಂದಲೇ ಓಡುವುದರಿಂದ ಅದಕ್ಕೆ ಎರಡು ಚಕ್ರದ ಡೈನೊ ಸಾಕು, ನಾಲ್ಕು ಚಕ್ರದ್ದೇ ಬೇಕೆಂದು ಹೆಚ್ಚು ದುಡ್ಡು ಕೇಳಿದರೆ ಒಪ್ಪಬೇಡಿ. ಇಸಿಯುವಿನ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಿ. ಅದನ್ನು ಕೊಡಲು ಹಿಂಜರಿಯುವ ಅಂಗಡಿಯಾದರೆ ಗಾಡಿಯ ಬೀಗದ ಕೈಯನ್ನೂ ಕೊಡಬೇಡಿ.

ಹಾನಬಾಳಿನ ತೋಟಗಾರ

ಟೈರಿನಲ್ಲಿ ಇನ್ನು ಒಂದು ಮಳೆಗಾಲ ಕಳೆಯುವಷ್ಟು ಹಲ್ಲು ಉಳಿದಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಬದಲಿಸಿ, ಅಳೆದ ಸಮಯವನ್ನು ಇಲ್ಲಿಯೇ ಬರೆಯುತ್ತೇನೆ. ಹಾಸನದ ಗ್ಯಾರೇಜಿಗೆ ಬಾಕ್ಸ್ ಬೇಡವೆಂದು ಫೋನ್ ಮಾಡಿ ಹೇಳಿದ್ದೇನೆ.