ಅಜ್ಜನ ಡಿಕ್ಲರೇಷನ್ ಜಾಗವೋ, ಬೆಂಗಳೂರಿನ ಐಟಿಯೋ: ನಮ್ಮನ್ನು ಬದಲಾಯಿಸಿದ್ದು ಯಾವುದು?

ಪುತ್ತೂರಿನ ಮೊಮ್ಮಗ:

ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ಜಗಳ ಇದು. ಅಲ್ಲಿ ಮುಗಿಯಲಿಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಕಾಯಂ ಹಕ್ಕಿಲ್ಲದೆ ಧಣಿಗಳ ಜಾಗ ಗೇಣಿಗೆ ಮಾಡುವವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಮುಟ್ಟಿಸಬೇಕಿತ್ತು. ಮುಡಿ ನೋಡಿಲ್ಲದವರಿಗೆ ಹೇಳುತ್ತೇನೆ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ದೊಡ್ಡ ಉಂಡೆ ಅದು, 42 ಸೇರು ಅಕ್ಕಿ ಹಿಡಿಯುತ್ತದೆ. ಅದನ್ನು ತಲೆ ಮೇಲೆ ಹೊತ್ತು ಗುಡ್ಡ ಹತ್ತಿ ಇಳಿಯಬೇಕು. ಮಳೆ ಕೈಕೊಟ್ಟ ವರ್ಷವೂ ಮುಡಿ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಗೇಣಿದಾರರಿಗೆ ಭೂಮಿ ಕೊಡುವ ಅರಸರ ಕಾಲದ ಭೂಮಸೂದೆ ಬಂದಾಗ ಅಜ್ಜ ಹೆದರುತ್ತಲೇ ಡಿಕ್ಲರೇಷನ್, ಅಂದರೆ ಜಾಗದ ಹಕ್ಕು ಕೇಳುವ ಅರ್ಜಿ, ಕೊಟ್ಟರು, 1.70 ಎಕರೆ ಅವರ ಹೆಸರಿಗಾಯಿತು. ಅಪ್ಪ ಅಲ್ಲಿ ಅಡಿಕೆ ಹಾಕಿದರು. ಆ ಅಡಿಕೆಯಲ್ಲಿ ನಾನು ಇಂಜಿನಿಯರಿಂಗ್ ಓದಿದೆ.

ಈಗ ಗೆಳೆಯನ ವಾದ ಕೇಳಿ. ದೇವರಾಜ ಅರಸು ಮಾಡಿದ್ದೆಲ್ಲ ಓಟಿಗಾಗಿ, 1.70 ಎಕರೆಯಿಂದ ಯಾರೂ ಉದ್ಧಾರ ಆಗುವುದಿಲ್ಲ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತಲ್ಲ, ಕರ್ನಾಟಕ ಬದಲಾದದ್ದು ಅಲ್ಲಿಂದ ಅಂತ. ನನಗೆ ಸಿಟ್ಟು ಬಂತು, ಆದರೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೂ ಆ ಜಾಗ ಮಾರುವ ಮಾತು ನಡೆದಿದೆ, ತೋಟ ನೋಡಲು ಜನವಿಲ್ಲ. ಗೊತ್ತಿದ್ದವರು ಹೇಳಿ.

ಬಂಟ್ವಾಳದ ಅಕ್ಕ:

ತಮ್ಮಾ, ನಿನ್ನ ಗೆಳೆಯ ಮುಡಿ ಹೊತ್ತ ಮನೆಯವನಲ್ಲ ಅಂತ ಕಾಣುತ್ತದೆ. ಜಾಗ ಎಷ್ಟು ಅನ್ನುವುದಲ್ಲ ಮಾರಾಯ, ನಾಳೆ ಬೆಳಿಗ್ಗೆ ಧಣಿ ಏಳು ಅಂದರೆ ಏಳಬೇಕು ಅನ್ನುವ ಹೆದರಿಕೆ ಹೋಯಿತಲ್ಲ, ಅದು. ಚಾಲಗೇಣಿ ಅಂದರೆ ಅದೇ. ಮೂಲಗೇಣಿಯವರಿಗೆ ಕಾಯಂ ಹಕ್ಕಾದರೂ ಇತ್ತು, ಚಾಲಗೇಣಿಯವರು ಹಾಕಿದ ತೆಂಗಿನ ಗಿಡವೂ ಅವರದ್ದು ಅನ್ನುವ ಭರವಸೆ ಇರಲಿಲ್ಲ.

ಆದರೆ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಜಾಗ ಸಿಕ್ಕಿದ ಮೇಲೆ ಮನೆ ನಡೆದದ್ದು ಗದ್ದೆಯಿಂದ ಮಾತ್ರ ಅಲ್ಲ, ಬೀಡಿಯಿಂದ. ಅಮ್ಮ, ಚಿಕ್ಕಮ್ಮ, ನಾನು, ಮೂರು ಜನ ಚಾವಡಿಯಲ್ಲಿ ಗೆರಸೆ ಇಟ್ಟುಕೊಂಡು ಕೂರುತ್ತಿದ್ದೆವು. ಸಾವಿರ ಬೀಡಿ ಕಟ್ಟುವಷ್ಟರಲ್ಲಿ ಬೆನ್ನು ಹೋಗುತ್ತಿತ್ತು. ಬೀಡಿ ಕಂಪನಿಯ ಬ್ರಾಂಚಿನವನು ಎಣಿಸುವಾಗ ಹತ್ತಿಪ್ಪತ್ತು ಚೆನ್ನಾಗಿಲ್ಲ ಅಂತ ಬದಿಗೆ ಹಾಕುತ್ತಿದ್ದ. ನನ್ನ ಶಾಲೆ ಫೀಸು ಆ ದುಡ್ಡು. ಇತಿಹಾಸ ಬರೆಯುವವರು ಅರಸು ಅನ್ನುತ್ತಾರೆ, ಐಟಿ ಅನ್ನುತ್ತಾರೆ, ಬೀಡಿ ಕಟ್ಟಿದ ಹೆಂಗಸರ ಸುದ್ದಿ ಯಾರಿಗೂ ಬೇಡ, ಅಲ್ವಾ?

ಹಳೇ ಗುಮಾಸ್ತ:

ನಾನು ನಿವೃತ್ತ. 1976ರಲ್ಲಿ ಕಂದಾಯ ಇಲಾಖೆಗೆ ಸೇರಿದವನು, ತಾಲೂಕಿನ ಹೆಸರು ಬೇಡ. ಗೇಣಿದಾರರ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಕಡತ ಕಟ್ಟುವ ಕೆಲಸ ನನ್ನದಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಓಟಿಗಾಗಿ ಮಾಡಿದ್ದು ಅನ್ನುವ ಗೆಳೆಯನಿಗೆ ಹೌದು ಅಂತಲೇ ಹೇಳಿ. ಅದರಲ್ಲಿ ತಪ್ಪೇನು? 1956ರ ಏಕೀಕರಣದಿಂದ 1971ರವರೆಗೆ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್, ನಾಲ್ವರೂ ಒಂದೇ ಸಮುದಾಯದ ಮುಖ್ಯಮಂತ್ರಿಗಳು. 1972ರಲ್ಲಿ ಬಂದ ಅರಸರಿಗೆ ಬೆನ್ನಿಗೆ ದೊಡ್ಡ ಜಾತಿ ಇರಲಿಲ್ಲ. ಸಣ್ಣ ಸಣ್ಣ ಸಮುದಾಯಗಳನ್ನು ಕೂಡಿಸದೆ ಅವರು ಉಳಿಯುವಂತಿರಲಿಲ್ಲ. ಹಿಂದುಳಿದ ವರ್ಗಗಳ ಹಾವನೂರು ಆಯೋಗ, ಸಾಲ ಪರಿಹಾರ, ಗೇಣಿ ಕಾಯ್ದೆ, ಎಲ್ಲ ಒಂದೇ ಲೆಕ್ಕಾಚಾರದ್ದು. ಗೇಣಿದಾರನ ಓಟು ಬೇಕಿತ್ತು, ಗೇಣಿದಾರನಿಗೆ ಭೂಮಿ ಬೇಕಿತ್ತು.

ಇನ್ನೊಂದು, ಇದು ಅರಸರ ತಲೆಯಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಒಕ್ಕಲುಗಳು ಎದ್ದಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಶುರುವಾದದ್ದು ಅದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಮೇಲೆ 1961ರ ಭೂಸುಧಾರಣಾ ಕಾಯ್ದೆ ಬಂತು, ಜಾರಿಯಾದದ್ದು 1965ರಲ್ಲಿ. ಅದರಲ್ಲಿ ತೂತು ಜಾಸ್ತಿ. ನಾನೇ ಸಾಗುವಳಿ ಮಾಡುತ್ತೇನೆ ಅಂತ ಹೇಳಿ ಮಾಲೀಕ ಜಮೀನು ವಾಪಸ್ ಕೇಳಬಹುದಿತ್ತು. 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಯಾಯಿತು ನೋಡಿ, ಗೇಣಿಯಲ್ಲಿದ್ದ ಜಮೀನೆಲ್ಲ ಆವತ್ತಿಗೆ ಸರ್ಕಾರಕ್ಕೆ ಸೇರಿತು. ಮಾಲೀಕನಿಗೂ ಒಕ್ಕಲಿಗೂ ಇದ್ದ ನಂಟು ಒಂದೇ ಏಟಿಗೆ ಕಡಿದು ಹೋಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಸರ್ಕಾರದಿಂದ ಹಕ್ಕು ಪಡೆಯಬೇಕು. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು.

ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಉಳಿದವರು ಸರ್ಕಾರಿ ನೌಕರರಲ್ಲ, ಊರ ಕಡೆಯವರೇ. ವಕೀಲರಿಗೆ ಪ್ರವೇಶ ಇರಲಿಲ್ಲ. (ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 1987ರಲ್ಲಿ.) ಎಲ್ಲ ನಿಂತದ್ದು ಪಹಣಿಯ 12ನೇ ಕಾಲಂ ಮೇಲೆ, ಅಂದರೆ ಸಾಗುವಳಿದಾರನ ಹೆಸರು ಬರೆಯುವ ಕಾಲಂ. ಆ ಹೆಸರು ಬರೆದದ್ದು ಯಾರು? ಎಷ್ಟೋ ಊರಲ್ಲಿ ಶಾನುಭೋಗರು. ಶಾನುಭೋಗರು ಕಾಫಿ ಕುಡಿಯುತ್ತಿದ್ದದ್ದು ಯಾರ ಮನೆಯಲ್ಲಿ? ಬಿಡಿ. ಒಬ್ಬ ಮುದುಕ ನನಗೆ ಚೆನ್ನಾಗಿ ನೆನಪಿದ್ದಾನೆ. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಅಧ್ಯಕ್ಷರು ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಕೇಳಿದರು. ಅವನು ಮೂಡಣ ದಿಕ್ಕಿನಿಂದ ಶುರು ಮಾಡಿ ಪ್ರತಿ ಬದು, ಪ್ರತಿ ಮರ, ನೀರು ಯಾವ ಗಂಡಿಯಿಂದ ಯಾವ ಗಂಡಿಗೆ ಇಳಿಯುತ್ತದೆ ಅಂತ ಹೇಳುತ್ತಾ ಹೋದ. ಮಾಲೀಕರ ಮಗನಿಗೆ ಪೂರ್ವದಲ್ಲಿ ಯಾರ ಗದ್ದೆ ಅಂತಲೂ ಗೊತ್ತಿರಲಿಲ್ಲ. ಆ ಕೇಸು ಅಲ್ಲಿಗೇ ಮುಗಿಯಿತು.

ಹೊಳೆಸಾಲಿನವ:

ಹಿರಿಯರು ಬರೆದದ್ದು ಚೆನ್ನಾಗಿದೆ. ಆದರೆ ನಮ್ಮದು ಉತ್ತರ ಕನ್ನಡ, ನಾನು ಭೂಮಿ ಕಳಕೊಂಡ ಮನೆಯವನು. ಭೂಮಾಲೀಕ ಅಂದ ಕೂಡಲೇ ನೂರಾರು ಎಕರೆ, ಆಳುಕಾಳು ಅಂತ ಎಣಿಸಬೇಡಿ. ನನ್ನ ಅಜ್ಜಿ ಚಿಕ್ಕ ವಯಸ್ಸಲ್ಲೇ ವಿಧವೆ. ಇದ್ದದ್ದು ಎರಡು ಎಕರೆ ಗದ್ದೆ, ಉಳುವವರಿಲ್ಲ ಅಂತ ಗೇಣಿಗೆ ಕೊಟ್ಟಿದ್ದಳು. ಅದು ಹೋಯಿತು. ಪರಿಹಾರ ಅಂತ ಸ್ವಲ್ಪ ನಗದು, ಮಿಕ್ಕದ್ದು ಬಾಂಡು. ಆ ಬಾಂಡನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿ ಕೆಳಗೆ ಇಟ್ಟಿದ್ದಳು.

ಕಾಯ್ದೆ ತಪ್ಪು ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷ ಹಿಂದೆ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ನಮ್ಮ ಅಪ್ಪ ಗದ್ದೆ ಹೋಯಿತು ಅಂತಲೇ ಓದಿ ಬ್ಯಾಂಕ್ ಸೇರಿದ, ನಾನು ಅದೇ ದಾರಿಯಲ್ಲಿ ಬೆಂಗಳೂರಿಗೆ ಬಂದೆ. ಭೂಮಿ ಹೋದ ಮನೆಯ ಮಕ್ಕಳು ಬ್ಯಾಂಕು, ಹೋಟೆಲು, ಮುಂಬೈ ಅಂತ ಹೊರಟದ್ದು ಕರಾವಳಿಯಲ್ಲಿ ಸುಮ್ನೆ ಆದದ್ದಲ್ಲ. ಹಾಗಾಗಿ ಅರಸುವೋ ಐಟಿಯೋ ಅನ್ನುವ ಪ್ರಶ್ನೆಯೇ ನನಗೆ ವಿಚಿತ್ರ ಅನಿಸುತ್ತದೆ. ಭೂಮಿ ಪಡೆದ ಮನೆಯವನೂ ಕಳಕೊಂಡ ಮನೆಯವನೂ ಕೊನೆಗೆ ಒಂದೇ ಕ್ಯಾಂಟೀನಿನಲ್ಲಿ ಕೂತಿದ್ದೇವಲ್ಲ!

ಬಯಲುಸೀಮೆ ರಾಜ:

ಸ್ವಾಮಿ, ನೀವೆಲ್ಲ ಮಳೆ ಬರೋ ಊರಿನವರು. ನಮ್ಮ ಕೋಲಾರದ ಕಡೆ ಕೇಳಿ. ಇಲ್ಲಿ ಗೇಣಿಯೇ ಕಮ್ಮಿ, ಇದ್ದವರಿಗೆಲ್ಲ ಸ್ವಂತದ ಎರಡು ಮೂರು ಎಕರೆ ಹೊಲ, ಇಲ್ಲದವರಿಗೆ ಏನೂ ಇಲ್ಲ. ಉಳುವವನೇ ಹೊಲದೊಡೆಯ ಅಂದರೆ, ಕೂಲಿ ಮಾಡುವವನಿಗೆ ಏನು ಸಿಕ್ಕಿತು? ಅವನು ಗೇಣಿದಾರನೇ ಅಲ್ಲವಲ್ಲ, ಅವನಿಗೆ ನಮೂನೆ 7 ಎಲ್ಲಿಂದ ಬರಬೇಕು.

ನಮ್ಮ ಊರನ್ನು ಬದಲಾಯಿಸಿದ್ದು ಹಸು. ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಕ್ಯಾನು ಹಿಡಿದು ಸಾಲು, ಲ್ಯಾಕ್ಟೋಮೀಟರ್ ಅದ್ದಿ ನೋಡೋದು, ಫ್ಯಾಟ್ ಕಮ್ಮಿ ಅಂತ ಸೆಕ್ರೆಟರಿ ಹತ್ತಿರ ಜಗಳ. ಆದರೆ ಬಟವಾಡೆ ದಿನ ನಮ್ಮವ್ವನ ಕೈಗೆ ದುಡ್ಡು ಬರುತ್ತಿತ್ತು, ಅಪ್ಪನ ಕೈಗಲ್ಲ. ಹಾಲಿನ ಸಹಕಾರ ಸಂಘಗಳ ಯೋಜನೆ ಶುರುವಾದದ್ದೂ ಅದೇ 70ರ ದಶಕದಲ್ಲಿ, ಅದನ್ನು ಯಾರೂ ಭಾಷಣದಲ್ಲಿ ಹೇಳಲ್ಲ. ಆಮೇಲೆ ರೇಷ್ಮೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಆಮೇಲೆ ಬೋರ್‌ವೆಲ್ ಅಂತ ಭೂಮಿಯನ್ನು ಜರಡಿ ಮಾಡಿದೆವು, ಸಾವಿರ ಅಡಿ ದಾಟಿದರೂ ಧೂಳು. ಈಗ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸೋಸಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ, ಕೆ.ಸಿ. ವ್ಯಾಲಿ ಅಂತ. ನಿಮ್ಮ ಐಟಿಯಿಂದ ನಮಗೆ ಬಂದದ್ದು ಅದು ನೋಡಿ 😀

ಸಿಂಧನೂರ ಮಂದಿ:

ಎಲ್ಲರೂ "ರಾಜ್ಯ" ಅನ್ನುತ್ತೀರಿ, ಆದರೆ ನಕ್ಷೆ ನೋಡಿದರೆ ಕರಾವಳಿ, ಮಲೆನಾಡು, ಬೆಂಗಳೂರು ಅಷ್ಟೇ ಕಾಣುತ್ತದೆ. ನಾವು 1948ರವರೆಗೆ ನಿಜಾಮನ ಕೈಕೆಳಗಿದ್ದವರು. ನಮ್ಮಲ್ಲಿ ಲಾವಣಿ (ನಿಮ್ಮ ಗೇಣಿಯ ಹಾಗೆಯೇ) ಇತ್ತು, ಆದರೆ ಕಾಯ್ದೆ ಬರುವ ಸುದ್ದಿ ಮೊದಲು ಮುಟ್ಟಿದ್ದು ಗೌಡರ ವಾಡೆಗೆ. ಒಕ್ಕಲನ್ನು ಮೊದಲೇ ಬಿಡಿಸಿದ್ದರು. ಬದಲಾವಣೆ ತಂದದ್ದು ತುಂಗಭದ್ರಾ ಕಾಲುವೆ. ಆಂಧ್ರದಿಂದ ಬಂದವರು ಭೂಮಿ ಕೊಂಡು ಭತ್ತ ಹಾಕಿದರು, ಇವತ್ತಿಗೂ ಆ ಊರುಗಳನ್ನು ಕ್ಯಾಂಪ್ ಅಂತಲೇ ಕರೆಯುತ್ತೇವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಸಿಗಲು 2013 ಆಗಬೇಕಾಯಿತು. ನಿಮ್ಮ ಕ್ಯಾಂಟೀನಿನ ಜಗಳದಲ್ಲಿ ನಮಗೂ ಒಂದು ಕುರ್ಚಿ ಇಡಿ.

ಪುತ್ತೂರಿನ ಮೊಮ್ಮಗ:

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹೊಳೆಸಾಲಿನವರೇ, ಒಂದು ವಿಷಯ ಮುಚ್ಚಿಟ್ಟಿದ್ದೆ, ನನ್ನ ಗೆಳೆಯನದ್ದೂ ಭೂಮಿ ಹೋದ ಮನೆಯೇ. ನಿಮ್ಮ ಉತ್ತರ ಅವನಿಗೆ ತೋರಿಸಿದೆ. ಬಾಂಡಿನ ಸಾಲು ಎರಡು ಸಲ ಓದಿದ. ಆಮೇಲೆ ಅವರ ಅಜ್ಜಿಯದ್ದೂ ಇತ್ತು ಅಂತ ಹೇಳಿ ಸುಮ್ಮನಾದ.

ಮಾರುವ ವಿಚಾರ: ತೋಟ ಕೇಳಿದ್ದು ಬೆಂಗಳೂರಿನ ಒಬ್ಬರು, ಕೃಷಿಯ ಗಂಧ ಗಾಳಿ ಇಲ್ಲದವರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದಲ್ಲ. ಆ ತಿದ್ದುಪಡಿ ಬಂದಾಗ ನಾನೇ ಸಿಟ್ಟಿನಲ್ಲಿ ಪೋಸ್ಟ್ ಹಾಕಿದ್ದೆ. ಈಗ ಅದರ ಲಾಭ ಪಡೆಯುವವನೂ ನಾನೇ ಆಗುತ್ತೇನೇನೋ. ಅಮ್ಮನಿಗೆ ಫೋನ್ ಮಾಡಿದೆ, ಟ್ರಂಕಿನಲ್ಲಿ ಅಜ್ಜನ ಹೆಸರಿನ ಮಂಡಳಿ ಆದೇಶ ಇದೆಯಂತೆ, ಮಡಿಚಿದ ಜಾಗದಲ್ಲಿ ಹರಿದಿದೆ. ಪಹಣಿ ತೆಗೆಸಿ ನೋಡಿದರೆ ಇನ್ನೂ ಅಜ್ಜನ ಹೆಸರೇ ಇದೆ.

ಹಳೇ ಗುಮಾಸ್ತ:

ಅಜ್ಜನ ಹೆಸರಿದ್ದರೆ ನೀವು ಮಾರುವುದಾದರೂ ಹೇಗೆ! ಮಾರುವುದೋ ಬಿಡುವುದೋ ಆಮೇಲೆ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ನಿಮ್ಮ ಅತ್ತೆಯಂದಿರ ಹೆಸರು ಬಿಡಬೇಡಿ, ಆಮೇಲೆ ತಕರಾರು ಬರುವುದೇ ಅಲ್ಲಿಂದ. ಆ ಆದೇಶವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಶಾಖಕ್ಕೆ ಸೀಲಿನ ಶಾಯಿ ಹರಡುತ್ತದೆ.