ನೆನ್ಶಿ ಮೂರು ಸಲ ಮೇಯರ್ ಆಗಿದ್ದು ಪ್ರಾಂತೀಯ ಚುನಾವಣೆಯಲ್ಲಿ ಲೆಕ್ಕಕ್ಕೆ ಬರುತ್ತದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯಲ್ಲಿದ್ದೇವೆ. ಈಗ ಪೌರತ್ವ ಸಿಕ್ಕಿದೆ, ಮುಂದಿನ ಆಲ್ಬರ್ಟಾ ಚುನಾವಣೆಯಲ್ಲಿ ಮೊದಲ ಸಲ ವೋಟು ಹಾಕುತ್ತೇವೆ. ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ನಾಯಕ ನಹೀದ್ ನೆನ್ಶಿ ಇಲ್ಲಿ ಮೇಯರ್ ಆಗಿದ್ದಾಗ ಒಂದು ಸಲ ಶೇ 74 ವೋಟು ಬಿದ್ದಿತ್ತಂತೆ. ‘ಹಾಗಾದ್ರೆ ಕ್ಯಾಲ್ಗರಿ ಪೂರ್ತಿ ಅವರದ್ದೇ’ ಅಂತಾರೆ ನಮ್ಮ ಯಜಮಾನರು. ನಿಜನಾ? ನೀವು ರಾಜ್ಯಶಾಸ್ತ್ರ ಪಾಠ ಮಾಡುವವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲ ವೋಟಿಗೆ ಮುಂಚೆ ಇದನ್ನೆಲ್ಲ ವಿಚಾರಿಸುತ್ತಿದ್ದೀರಲ್ಲ, ತುಂಬಾ ಖುಷಿಯಾಯಿತು.

ಶೇಕಡಾ ಬಿಟ್ಟು ವೋಟು ಎಣಿಸೋಣ. 2010ರಲ್ಲಿ ಅವರಿಗೆ 1,40,263 ವೋಟು, ಸುಮಾರು ಶೇ 40. 2013ರಲ್ಲಿ 1,93,393, ಅದೇ ಆ ಶೇ 74. 2017ರಲ್ಲಿ ಶೇ 51ಕ್ಕೆ ಇಳಿದರು, ಆದರೆ ವೋಟು 1,99,131ಕ್ಕೆ ಏರಿತು! 2013ರಲ್ಲಿ ಗಟ್ಟಿ ಎದುರಾಳಿ ಇರಲಿಲ್ಲ, ಮತದಾನ ಬರೀ ಶೇ 39. 2017ರಲ್ಲಿ ಬಿಲ್ ಸ್ಮಿತ್ ಜೋರಾಗಿ ಪೈಪೋಟಿ ಕೊಟ್ಟರು, ಮತದಾನ ಶೇ 58. ಗುಣಿಸಿ ನೋಡಿ: ನೂರು ಮತದಾರರಲ್ಲಿ ಅವರಿಗೆ ಹಾಕಿದವರು 2013ರಲ್ಲಿ 29 ಜನ, 2017ರಲ್ಲಿ 30. ನನ್ನ ಕಣ್ಣಿಗೆ ಅವರ ದೊಡ್ಡ ಗೆಲುವು 2017ರದ್ದೇ. ಎರಡು ಸಲ ಗೆದ್ದವರ ಮೇಲೆ ಜನಕ್ಕೆ ಬೇಸರ ಹತ್ತಿರುತ್ತದೆ, ಅದನ್ನೂ ದಾಟಿ ಗೆದ್ದರು.

ಪ್ರಶ್ನೆ (ಬೆಂಗಳೂರಿನಿಂದ): ಅಲ್ಲಿ ಮೇಯರ್‌ನ ಜನರೇ ಆರಿಸುತ್ತಾರಾ ಮೇಡಂ? ನಮ್ಮಲ್ಲಿ ಕಾರ್ಪೊರೇಟರ್‌ಗಳು ಆರಿಸಿದ್ದಲ್ವಾ?

ಉತ್ತರ: ಹೌದು, ಅಲ್ಲಿ ಇಡೀ ಊರು ನೇರವಾಗಿ ಆರಿಸುತ್ತದೆ. ಆ ಮೂರೂ ಸಲ ಮತಪತ್ರದಲ್ಲಿ ಪಕ್ಷದ ಹೆಸರೇ ಇರಲಿಲ್ಲ. 2010ರಲ್ಲಿ ನೆನ್ಶಿ ನೇರಳೆ ಬಣ್ಣ ಹಿಡಿದಿದ್ದರು. ಲಿಬರಲ್‌ರ ಕೆಂಪು, ಕನ್ಸರ್ವೇಟಿವ್‌ರ ನೀಲಿ ಸೇರಿದರೆ ನೇರಳೆ. ಎರಡೂ ಕಡೆಯವರು ಸಲೀಸಾಗಿ ವೋಟು ಹಾಕಿದರು. ಈಗ ಅವರದ್ದು ಎನ್‌ಡಿಪಿಯ ಕಿತ್ತಳೆ. ಮೇಯರ್ ಚುನಾವಣೆಯಲ್ಲಿ ಅವರಿಗೆ ಹಾಕಿದ ನೀಲಿಯವರೆಲ್ಲ ಪ್ರಾಂತೀಯ ಚುನಾವಣೆಯಲ್ಲೂ ಹಾಕುತ್ತಾರೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ.

ಇದರ ಉಲ್ಟಾ ಉದಾಹರಣೆ ರಿಕ್ ಮೆಕ್‌ಐವರ್. 2010ರಲ್ಲಿ ನೆನ್ಶಿ ಎದುರು ಎರಡನೇ ಸ್ಥಾನಕ್ಕೆ ಬಂದು ಸೋತರು. ಅದೇ ಮನುಷ್ಯ 2012ರಿಂದ ಕ್ಯಾಲ್ಗರಿ-ಹೇಸ್ ಕ್ಷೇತ್ರದಲ್ಲಿ ಸತತ ನಾಲ್ಕು ಸಲ ಶಾಸಕರಾಗಿ ಗೆದ್ದರು, 2025ರಲ್ಲಿ ಸ್ಪೀಕರ್ ಆದರು. ಊರಿಡೀ ಗೆಲ್ಲಲಾಗದವರಿಗೆ ಒಂದು ಮೂಲೆ ಗಟ್ಟಿಯಾಗಿತ್ತು, ಕನ್ಸರ್ವೇಟಿವ್ ಪಕ್ಷವೂ ಜೊತೆಗಿತ್ತು.

ಪ್ರಶ್ನೆ: ಆದರೆ ನೆನ್ಶಿ ಈಗಾಗಲೇ ಶಾಸಕರಾಗಿ ಗೆದ್ದಿದ್ದಾರಲ್ಲ ಮೇಡಂ?

ಉತ್ತರ: ಗೆದ್ದಿದ್ದಾರೆ, ಶೇ 80ಕ್ಕಿಂತ ಜಾಸ್ತಿ ವೋಟಿನಿಂದ. 2024ರ ಜೂನ್‌ನಲ್ಲಿ ಪಕ್ಷದ ನಾಯಕರಾದರು, ಶಾಸಕರಾಗಿದ್ದು ಅದಾಗಿ ಒಂದು ವರ್ಷಕ್ಕೆ, 2025ರ ಜೂನ್ ಉಪಚುನಾವಣೆಯಲ್ಲಿ. ಆದರೆ ಅದು ಬೇರೆ ಊರಿನ ಎಡ್ಮಂಟನ್-ಸ್ಟ್ರಾಥ್ಕೋನಾ, ನೆನ್ಶಿಗೆ ಮೊದಲು ಪಕ್ಷದ ನಾಯಕಿಯಾಗಿದ್ದ ರೇಚೆಲ್ ನಾಟ್ಲಿ 2008ರಿಂದ ಬಿಡದೆ ಗೆದ್ದ ಕ್ಷೇತ್ರ. ಅದನ್ನು ನೋಡಿ ಕ್ಯಾಲ್ಗರಿಯ ಮನಸ್ಸು ಹೇಳಲಾಗದು. 2023ರಲ್ಲಿ, ನೆನ್ಶಿ ಪಕ್ಷಕ್ಕೆ ಬರುವ ಮೊದಲೇ, ಕ್ಯಾಲ್ಗರಿಯ 26 ಕ್ಷೇತ್ರಗಳಲ್ಲಿ ಎನ್‌ಡಿಪಿಗೆ 14, ಕನ್ಸರ್ವೇಟಿವ್‌ರ ಯುಸಿಪಿಗೆ (ಯುನೈಟೆಡ್ ಕನ್ಸರ್ವೇಟಿವ್ ಪಾರ್ಟಿ) 12 ಬಂದಿದ್ದವು. ಆದರೂ ಒಟ್ಟು 87ರಲ್ಲಿ 49 ಗೆದ್ದು ಸರ್ಕಾರ ಮಾಡಿದ್ದು ಯುಸಿಪಿ. ಹಾಗಾಗಿ ಆ 14ರ ಮೇಲೆ ಇವರು ಎಷ್ಟು ಸೇರಿಸುತ್ತಾರೆ ಅನ್ನೋದೇ ಲೆಕ್ಕ. ನಿಮ್ಮ ಕ್ಷೇತ್ರ ಯಾವುದು?

ಪ್ರಶ್ನೆ: ಈಗ ತಾನೇ ನೋಡಿದೆ ಮೇಡಂ. ಮೆಕ್‌ಐವರ್ ಅವರ ಕ್ಯಾಲ್ಗರಿ-ಹೇಸೇ! ಯಜಮಾನರಿಗೆ ಇದನ್ನು ಓದಿ ಹೇಳುತ್ತೇನೆ.